ಮಿಡತೆಯ ಸ್ಟೀರಿಂಗ್ ಕದ್ದವರು

ಭಾನುವಾರ ಬೆಳಿಗ್ಗೆ ಹೊದಿಕೆ ತೆಗೆದಾಗ ಕಾರು ನಿಂತಲ್ಲೇ ನಿಂತಿತ್ತು. ಅದರ ಸ್ಟೀರಿಂಗ್ ಮಾತ್ರ ಇರಲಿಲ್ಲ.

ಮಾನಸ ಸೀಟಿನ ಕೆಳಗೆ ಕೈ ಹಾಕಿ ತಡಕಿದಳು. ಅವಳ ತಂದೆ ರೇಣುಕಯ್ಯ ಸ್ಪ್ಯಾನರ್ ಪೆಟ್ಟಿಗೆಯನ್ನೇ ನೆಲಕ್ಕೆ ಬೋರಲು ಹಾಕಿದರು. ರೇಸ್ ಕಾರಿನ ಸೀಟು ಇಕ್ಕಟ್ಟು. ಹತ್ತಿ ಇಳಿಯಲು ಅನುಕೂಲವಾಗಲೆಂದು ಸ್ಟೀರಿಂಗನ್ನು ಒಂದೇ ಎಳೆತಕ್ಕೆ ಕಳಚಿ ಬರುವಂತೆ ಕೂರಿಸಿರುತ್ತಾರೆ. ಆದ್ದರಿಂದ ಕದಿಯುವುದು ಕಷ್ಟವಲ್ಲ. ಆದರೆ ಈ ಕಾರಿನ ಸ್ಟೀರಿಂಗ್ ಕೂರುವ ಹಿಡಿಕೆಯನ್ನು ರೇಣುಕಯ್ಯ ಮಧುಗಿರಿಯ ತಮ್ಮ ಗ್ಯಾರೇಜಿನ ಲೇತಿನಲ್ಲಿ ಸ್ವತಃ ಕಡೆದಿದ್ದರು. ಬೇರೆ ಯಾವ ಸ್ಟೀರಿಂಗೂ ಅದಕ್ಕೆ ಕೂರುತ್ತಿರಲಿಲ್ಲ.

ಶಿರಾ ದಾಟಿ ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಸಿಗುವ ಆ ಸಣ್ಣ ರೇಸ್ ಟ್ರ್ಯಾಕಿನಲ್ಲಿ ಅದು ವರ್ಷದ ಕೊನೆಯ ವಾರಾಂತ್ಯ. ಬೆಳಿಗ್ಗೆ ಒಂದು ರೇಸ್, ಮಧ್ಯಾಹ್ನ ಒಂದು. ಎರಡರಲ್ಲಿ ಒಂದನ್ನಾದರೂ ಮುಗಿಸಿದರೆ ಮಾನಸಳಿಗೆ ರಾಷ್ಟ್ರಮಟ್ಟದಲ್ಲಿ ಓಡಿಸುವ ಲೈಸೆನ್ಸ್ ಸಿಗುತ್ತಿತ್ತು. ಇಲ್ಲದಿದ್ದರೆ ಇಡೀ ವರ್ಷದ ಓಟ ವ್ಯರ್ಥ, ಮೊದಲಿನಿಂದ ಶುರು.

ಮಧುಗಿರಿಯ ಪತ್ರಿಕೆಯೊಂದರ ವರದಿಗಾರ ಗೌರೀಶ್ ಅಲ್ಲಿಗೆ ಬಂದದ್ದು ರೇಸಿನ ಸುದ್ದಿ ಬರೆಯಲು. ಜತೆಗೆ ವೇದಾವತಿ ಮೇಡಂ ಇದ್ದರು. ಮೋಟಾರು ವಾಹನ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಮೇಲೆ ಅವರು ಸುತ್ತಿನ ತಾಲೂಕುಗಳಲ್ಲಿ ಎಷ್ಟೋ ಒಗಟು ಬಿಡಿಸಿದ್ದರು. ಅವುಗಳನ್ನು ಬರೆದೇ ಗೌರೀಶ್ ಹೆಸರು ಮಾಡಿದ್ದ. ಆ ಉಪಕಾರ ಅವನ ಮನಸ್ಸಿನಲ್ಲಿ ಸದಾ ಇತ್ತು. ಮೇಡಂಗೆ ಮಾತ್ರ ಅದನ್ನು ಹೇಳಿದರೆ ಸಿಟ್ಟು ಬರುತ್ತಿತ್ತು.

"ನೀವೇ ಹುಡುಕಿಕೊಡ್ಬೇಕು ಮೇಡಂ," ಎಂದಳು ಮಾನಸ. ಅವಳ ದನಿ ಸ್ತಿಮಿತದಲ್ಲಿತ್ತು. "ಬೆಳಗಿನ ರೇಸ್ ಹೋಯ್ತು. ಮಧ್ಯಾಹ್ನದ್ದೊಂದೇ ಉಳಿದಿರೋದು."

"ಹುಡುಕೋದೇನು ಬಂತು ಕಣಮ್ಮ," ರೇಣುಕಯ್ಯ ಗುಡುಗಿದರು. ಅವರ ಹಣೆಯ ವಿಭೂತಿ ಬೆವರಿಗೆ ಕದಡಿತ್ತು. "ಆ ಕೊರಟಗೆರೆ ಪ್ರಭುದೇವಂದೇ ಕೆಲ್ಸ. ಟ್ರ್ಯಾಕಲ್ಲಿ ಇವಳನ್ನ ಹಿಂದೆ ಹಾಕಕ್ಕಾಗ್ದೆ ಇಂಗೆ ಮಾಡವ್ನೆ. ನಿನ್ನೆ ಸಂಜೆ ಇಲ್ಲೇ ಬಂದು ನಿಂತಿದ್ದ. ಎಲ್ಲಾರ್ ಮುಂದೇನೇ ಬೈದು ಓಡಿಸ್ಬುಟ್ಟೆ!"

"ಏನು ಹೇಳೋಕೆ ಬಂದಿದ್ರು?" ಎಂದರು ವೇದಾವತಿ.

"ಹೇಳಕ್ಕೆ ಬುಟ್ರಲ್ವಾ! ಬಾಯಿ ತೆಗೆಯಕ್ಕೆ ಮುಂಚೆನೇ, ನಮ್ ಕಾರಿನ ವಿಚಾರ ನಿಂಗ್ಯಾಕ್ಲಾ ಅಂದೆ."

"ನನಗೂ ಫೋನ್ ಮಾಡಿದ್ರು," ಎಂದಳು ಮಾನಸ. "ನಾನು ಎತ್ತಲಿಲ್ಲ. ರೇಸಿನ ಹಿಂದಿನ ದಿನ ಎದುರಾಳಿ ಜತೆ ಮಾತಾಡೋದಿಲ್ಲ ನಾನು."

ವೇದಾವತಿ ಕಾರಿನ ಸುತ್ತ ಒಂದು ಸುತ್ತು ಬಂದರು. ಫೈಬರ್ ಮೈಯ, ನಾಲ್ಕು ಜನ ಸೇರಿದರೆ ಒಂದು ಬದಿ ಎತ್ತಬಹುದಾದಷ್ಟು ಹಗುರದ ಹಸಿರು ಕಾರು. ಅದಕ್ಕೇ ಅದನ್ನು ಎಲ್ಲರೂ ಮಿಡತೆ ಎನ್ನುತ್ತಿದ್ದರು. ಶನಿವಾರ ಬೆಳಿಗ್ಗೆ ಅದು ತಿರುವಿನ ಅಂಚುಕಲ್ಲಿಗೆ ಬಡಿದಿತ್ತು. ರೇಣುಕಯ್ಯ ಒಬ್ಬರೇ ಕೂತು ರಿಪೇರಿ ಮಾಡಿ ಮಧ್ಯಾಹ್ನದ ಅಭ್ಯಾಸಕ್ಕೆ ಇಳಿಸಿದ್ದರು. ಸಂಜೆ ಪೂಜೆ ಮುಗಿಸಿ, ನಾಲ್ಕು ಚಕ್ರಗಳ ಮುಂದೆ ಟೈರಿಗೆ ತಗುಲುವಂತೆ ಕುಂಕುಮ ಹಚ್ಚಿದ ನಿಂಬೆಹಣ್ಣು ಇಟ್ಟಿದ್ದರು. ಬೆಳಿಗ್ಗೆ ಕಾರು ರೇಸಿಗೆ ಹೊರಡುವಾಗ ಅವನ್ನು ಜಜ್ಜಿಕೊಂಡು ಹೋಗಬೇಕು. ಅದಕ್ಕೆ ಮುಂಚೆ ಅವು ಜಜ್ಜಿಹೋದರೆ ಅಪಶಕುನ. ಆ ಟ್ರ್ಯಾಕಿಗೆ ಬರುವ ಎಲ್ಲ ತಂಡಗಳದ್ದೂ ಇದೇ ಪದ್ಧತಿ.

"ಗೌರೀಶ್, ಏನು ಕಾಣ್ತದೆ ಹೇಳಿ."

ಗೌರೀಶ್ ಬಗ್ಗಿ ನೋಡಿದ. "ಮೂರು ನಿಂಬೆಹಣ್ಣು ಟೈರಿಗೆ ತಗುಲಿಕೊಂಡಿವೆ. ಮುಂದಿನ ಎಡಚಕ್ರದ್ದು ಒಂದು ಗೇಣು ಮುಂದಿದೆ. ಅದರ ಮೇಲೆ ಗ್ರೀಸ್ ಬೆರಳಿನ ಗುರುತಿದೆ."

"ಕಾರು ಹೆಂಗೆ ನಿಂತಿದೆ?"

ಎರಡು ಸಲ ನೋಡಿದ ಮೇಲೆ ಗೊತ್ತಾಯಿತು. "ಮುಂದಿನ ಎಡಗಡೆ ಒಂದಿಷ್ಟು ಎತ್ತರ ನಿಂತಿದೆ."

"ಸರಿ. ಯಾರೂ ಕಾರನ್ನ ಅಲುಗಾಡಿಸಬೇಡಿ," ಎಂದರು ವೇದಾವತಿ. ಎಡಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿ, ಮೂಗರಳಿಸಿ, ಏನೂ ಹೇಳದೆ ಎದ್ದರು. ಸೀರೆ ಕೊಡವಿಕೊಂಡು ಜೋಳಿಗೆಯಿಂದ ಬೇಯಿಸಿದ ಕಡಲೆಕಾಯಿ ತೆಗೆದರು. ಅದು ಅವರು ಯೋಚನೆಗೆ ಕೂತ ಸೂಚನೆ.

ಮೊದಲು ಸಿಕ್ಕವರು ಮಾನಸಳ ಸೋದರಮಾವ ಲಕ್ಷ್ಮೀಪತಿ. ಮಧುಗಿರಿಯಲ್ಲಿ ಬಟ್ಟೆ ವ್ಯಾಪಾರ. ಹಿಂದಿನ ರಾತ್ರಿ ಊಟದ ಟೆಂಟಿನಲ್ಲಿ ಎಲ್ಲರೆದುರು, "ಆ ಸ್ಟೀರಿಂಗ್ ಕಿತ್ತು ಕೆರೆಗೆ ಎಸೆದ್ರೆ ನೆಮ್ಮದಿ," ಎಂದಿದ್ದರು.

"ಅಂದೆ, ಇಲ್ಲ ಅನ್ನಲ್ಲ," ಎಂದರು ಲಕ್ಷ್ಮೀಪತಿ. "ನಾನು ಮಾಡೋದಾಗಿದ್ರೆ ಸ್ಟೀರಿಂಗ್ ಯಾಕೆ ಮೇಡಂ, ಇಡೀ ಕಾರ್ನೇ ಗುಜರಿಗೆ ಹಾಕ್ಬುಡ್ತಿದ್ದೆ. ಅಕ್ಕನ ಮಗಳು. ಅವಳು ಆ ತಗಡಿನೊಳಗೆ ಕೂತ್ರೆ ನನ್ನ ಎದೆ ಹೊಡ್ಕಳ್ತದೆ."

"ಫೈಬರ್ ಮಾವ, ತಗಡಲ್ಲ," ಎಂದಳು ಮಾನಸ ಹಿಂದಿನಿಂದ.

"ಅದಿನ್ನೂ ಚೆನ್ನಾಯ್ತು ಬುಡು!"

ಎರಡನೆಯವನು ಪೆದ್ದಣ್ಣ. ಪಾವಗಡದವನು, ಮಾತಿನಲ್ಲಿ ತೆಲುಗು ಇಣುಕುತ್ತಿತ್ತು. ಮೊದಲು ರೇಣುಕಯ್ಯನವರ ಗ್ಯಾರೇಜಿನಲ್ಲಿದ್ದು, ಜಗಳವಾಡಿ ಬಿಟ್ಟು, ಈಗ ಪ್ರಭುದೇವನ ಮೆಕ್ಯಾನಿಕ್ ಆಗಿದ್ದ. ಗೌರೀಶನಿಗೆ ಹೆಚ್ಚಿನ ಅನುಮಾನ ಇವನ ಮೇಲೇ.

"ಅಯ್ಯೋ ದೇವುಡಾ, ನಾನ್ಯಾಕೆ ತಗೊಳ್ಲಿ ಮೇಡಂ? ಮುಂಗೋಪಿ ಆದ್ರೂ ಆವಯ್ಯ ನನಗೆ ಕೆಲಸ ಕಲಿಸಿದೋರು."

"ನಿನ್ನೆ ಮಧ್ಯಾಹ್ನದ ಅಭ್ಯಾಸ ನೋಡಿದ್ಯಾ?"

"ಎಕ್ಕಡ ಮೇಡಂ! ಶೆಡ್ಡಲ್ಲಿ ಸ್ಪೇರು ಗೇರ್‌ಬಾಕ್ಸ್ ಬಿಚ್ಕಂಡು ಕೂತಿದ್ದೆ. ತಲೆ ಎತ್ತಿದ್ರೆ ಗೋಡೆ, ತಗ್ಗಿಸಿದ್ರೆ ಎಣ್ಣೆ."

"ನಿಮ್ಮ ಕಾರಿಗೂ ಮಿಡತೆಗೂ ಮುಂಭಾಗದ ಬಿಡಿಭಾಗ ಒಂದೇನಾ?"

"ಒಂದೇ. ಎರಡೂ ಹಳೇ ಸಣ್ಣ ಕಾರುಗಳ ಅಡಿಭಾಗದ ಮೇಲೇ ಕಟ್ಟಿರೋದು. ಸ್ಪೇರು ಪೆಟ್ಟಿಗೆ ತುಂಬ ಅವೆ."

ಬೆಳಗಿನ ರೇಸ್ ಮಿಡತೆಯಿಲ್ಲದೆ ನಡೆದು ಮುಗಿಯಿತು. ಪ್ರಭುದೇವ್ ಗೆದ್ದ. ಹೆಲ್ಮೆಟ್ ಕೈಯಲ್ಲಿ ಹಿಡಿದು ಬರುತ್ತಿದ್ದವನ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ. ಗೌರೀಶನನ್ನು ಕಂಡು, "ಕಳವು ಅಂತ ಈಗಲೇ ಬರೀಬೇಡಿ," ಎಂದ. "ಸ್ಟೀರಿಂಗ್ ಹೋಗಿದೆ ಅಂದ್ಮೇಲೆ ಅದಕ್ಕೆ ಸೇರಿದ್ದನ್ನೆಲ್ಲ ಒಂದ್ಸಲ ಬಿಚ್ಚಿ ನೋಡೋದು ಒಳ್ಳೇದಲ್ವಾ? ಅವರಿಗೆ ಹೇಳಿ."

ಗೌರೀಶ್ ಅದನ್ನು ಹಾಗೆಯೇ ಮೇಡಂಗೆ ಒಪ್ಪಿಸಿದ. ಅವರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ನಿನ್ನೆ ಅಭ್ಯಾಸ ನಡೆದಾಗ ನೀವು ಜನ ಕೂತು ನೋಡೋ ದಿಬ್ಬದ ಮೇಲಿದ್ರಲ್ಲ. ಪ್ರಭುದೇವ್ ಹೆಂಗೆ ಓಡಿಸಿದ್ರು?"

"ಮಾನಸಳ ಬಾಲ ಹಿಡಿದೇ ಇದ್ದ. ಅವನ ರೀತಿಯೇ ಹಾಗೆ, ಮುಂದಿನ ಕಾರಿಗೆ ಅಂಟಿಕೊಂಡು ಹೋಗ್ತಾನೆ. ಅವರಿಬ್ಬರ ಹತ್ತಿರ ಬೇರೆ ಕಾರಿರಲಿಲ್ಲ. ಕೊನೆಯ ಸುತ್ತುಗಳಲ್ಲಿ ಯಾಕೋ ಥಟ್ಟನೆ ಹಿಂದುಳಿದ. ಹೆದರಿಕೊಂಡ ಅಂತ ಜನ ನಕ್ಕರು."

"ಅವನ ಕಾರಿಗೆ ಏನಾದ್ರೂ ಆಗಿತ್ತಾ?"

"ಏನೂ ಇಲ್ಲ. ಇವತ್ತು ಅದೇ ಕಾರಲ್ಲಿ ಗೆದ್ದನಲ್ಲ."

"ಎಲ್ಲರನ್ನೂ ಕರೀರಿ," ಎಂದರು ವೇದಾವತಿ.

ಮಿಡತೆಯ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಪ್ರಭುದೇವನನ್ನು ಕಂಡ ಕೂಡಲೇ ರೇಣುಕಯ್ಯ ಮುನ್ನುಗ್ಗಿದರು. ಲಕ್ಷ್ಮೀಪತಿ ಭಾವನ ತೋಳು ಹಿಡಿದು ನಿಲ್ಲಿಸಿಕೊಂಡರು.

"ಕಳ್ಳ ಸ್ಟೀರಿಂಗ್ ತಗೊಂಡು ಸುಮ್ಮನೆ ಹೋಗಲಿಲ್ಲ," ಎಂದು ಶುರು ಮಾಡಿದರು ವೇದಾವತಿ. "ಕಾರಿನ ಮುಂದಿನ ಎಡಚಕ್ರವನ್ನ ಜಾಕ್ ಹಾಕಿ ಎತ್ತಿದ. ಜಾಕ್ ಇಳಿಸಿದ ಕಾರು, ಒಂದಿಷ್ಟು ದೂರ ಉರುಳುವ ತನಕ ಆ ಮೂಲೆಯಲ್ಲಿ ಎತ್ತರವಾಗೇ ನಿಂತಿರ್ತದೆ. ನಾನು ಇನ್‌ಸ್ಪೆಕ್ಟರ್ ಆಗಿದ್ದಾಗ ಸಾವಿರ ಸಲ ನೋಡಿದೀನಿ. ಇದೂ ಹಂಗೇ ನಿಂತಿದೆ. ಸ್ಟೀರಿಂಗ್ ಕಳಚೋಕೆ ಜಾಕ್ ಬೇಕಿಲ್ಲ. ಹಂಗಾದ್ರೆ ಯಾಕೆ ಎತ್ತಿದ?"

"ಏನಾದ್ರೂ ಹಾಳು ಮಾಡಕ್ಕೆ!" ಎಂದರು ರೇಣುಕಯ್ಯ.

"ನಾನೂ ಮೊದಲು ಹಂಗೇ ಅಂದುಕೊಂಡೆ. ಆದ್ರೆ ನಿಂಬೆಹಣ್ಣು ನೋಡಿ. ಜಾಕ್ ಇಳಿಸುವಾಗ ಚಕ್ರದಡಿ ಸಿಕ್ಕಿ ಜಜ್ಜಿಹೋಗಬಾರದು ಅಂತ ಅದನ್ನ ಎತ್ತಿ ಪಕ್ಕಕ್ಕಿಟ್ಟಿದಾನೆ. ಆಮೇಲೆ ತಂದು ಮುಂದಿಟ್ಟಿದಾನೆ, ಚಕ್ರಕ್ಕೆ ತಗುಲಿಸೋಕೆ ಧೈರ್ಯ ಬಾರದೆ ಗೇಣು ದೂರಕ್ಕೆ. ನಿಮ್ಮನ್ನ ಹಾಳು ಮಾಡೋಕೆ ಬಂದವನು ನಿಮ್ಮ ಪೂಜೆ ಕೆಡದ ಹಂಗೆ ನೋಡ್ಕೊಳ್ತಾನಾ ರೇಣುಕಯ್ಯನವರೇ? ಬಂದವನು ಈ ಕಾರಿಗೆ ಒಳ್ಳೇದಾಗಲಿ ಅನ್ನೋನು."

ವೇದಾವತಿ ಎಡಚಕ್ರದ ಕಡೆ ಬೆರಳು ಮಾಡಿದರು.

"ನಾಲ್ಕು ಚಕ್ರದಲ್ಲಿ ನೇರವಾಗಿ ಅದೇ ಚಕ್ರಕ್ಕೆ ಕೈ ಹಾಕಿದಾನೆ. ಅಂದ್ರೆ ತೊಂದರೆ ಎಲ್ಲಿದೆ ಅಂತ ಮೊದಲೇ ಗೊತ್ತಿತ್ತು. ಲಕ್ಷ್ಮೀಪತಿಯವರಿಗೆ ಫೈಬರಿಗೂ ತಗಡಿಗೂ ವ್ಯತ್ಯಾಸ ತಿಳೀದು. ಪೆದ್ದಣ್ಣ ಅಭ್ಯಾಸ ನೋಡಲೇ ಇಲ್ಲ. ಓಡುವ ಕಾರಿನ ಮುಂಚಕ್ರ ಅದುರಿದ್ರೆ ದಿಬ್ಬದ ಮೇಲಿದ್ದವರಿಗೂ ಕಾಣಲ್ಲ, ಗೌರೀಶ್ ಕಣ್ಣಿಗೇ ಬಿದ್ದಿಲ್ಲ. ಅದು ಕಾಣೋದು ಹಿಂದೆ ಅಂಟಿಕೊಂಡು ಬರೋನಿಗೆ. ಹಂಗೆ ಬರೋನು ಥಟ್ಟನೆ ದೂರ ಸರಿದ. ಮುಂದಿನ ಕಾರಿನಿಂದ ಏನೋ ಕಳಚಿ ಬೀಳಬಹುದು ಅಂತ ಹೆದರಿದವನು ಮಾಡೋ ಕೆಲಸ ಅದು. ಸಂಜೆ ಹೇಳೋಕೆ ಬಂದ, ಅಪ್ಪ ಓಡಿಸಿದ್ರು. ಫೋನ್ ಮಾಡಿದ, ಮಗಳು ಎತ್ತಲಿಲ್ಲ. ಹೌದೋ ಅಲ್ಲವೋ ಪ್ರಭುದೇವ್?"

ಪ್ರಭುದೇವ್ ಹೊರಗೆ ಹೋದ. ಬಂದಾಗ ಅವನ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಸ್ಟೀರಿಂಗ್ ಇತ್ತು.

"ಹೌದು ಮೇಡಂ. ಎಲ್ಲರೂ ಊಟಕ್ಕೆ ಹೋಗಿದ್ದಾಗ ಬಂದೆ. ಚಕ್ರ ಹಿಡಿದು ಅಲ್ಲಾಡಿಸಿದೆ, ಲಟಪಟ ಅಂತಿತ್ತು."

"ಅಧಿಕಾರಿಗಳಿಗೆ ಹೇಳಬಹುದಿತ್ತಲ್ಲ?" ಎಂದ ಗೌರೀಶ್.

"ಹೇಳಿದ್ರೆ ಕಾರನ್ನ ಇಡೀ ವಾರಾಂತ್ಯಕ್ಕೆ ಹೊರಗಿಡ್ತಾರೆ, ಲೈಸೆನ್ಸ್ ಹೋಗ್ತದೆ. ಸ್ಟೀರಿಂಗ್ ಕಾಣದೆ ಬೆಳಗಿನ ರೇಸ್ ಒಂದು ತಪ್ಪಿದ್ರೆ, ಹುಡುಕೋ ನೆಪದಲ್ಲಾದ್ರೂ ಎಲ್ಲ ಬಿಚ್ಚಿ ನೋಡ್ತಾರೆ ಅಂದ್ಕೊಂಡೆ. ಮಧ್ಯಾಹ್ನದೊಳಗೆ ಇಲ್ಲಿ ಬಿಟ್ಟು ಹೋಗೋನಿದ್ದೆ. ಆಗಲೂ ಗೊತ್ತಾಗಿಲ್ಲ ಅಂದ್ರೆ ಅಧಿಕಾರಿಗಳ ಹತ್ರವೇ ಹೋಗೋದು ಅಂತಿದ್ದೆ."

ವೇದಾವತಿ ರೇಣುಕಯ್ಯನವರ ಕಡೆ ತಿರುಗಿದರು. ದನಿ ತಗ್ಗಿಸಿ ಕೇಳಿದರು: "ಎಡಚಕ್ರದ ಸ್ಟೀರಿಂಗ್ ಆರ್ಮ್‌ಗೆ ಹೊಸ ಕರಿ ಬಣ್ಣ ಯಾಕೆ ಬಳಿದಿರಿ? ಇನ್ನೂ ವಾಸನೆ ಬರ್ತಿದೆ. ಒಂದು ಕಡೆ ಉಗುರಲ್ಲಿ ಕೆರೆದಿದಾರೆ. ಅಡಿಯಲ್ಲಿ ಕಬ್ಬಿಣ ನೀಲಿಗಟ್ಟಿದೆ."

ರೇಣುಕಯ್ಯ ಸ್ಟೂಲಿನ ಮೇಲೆ ಕುಸಿದರು.

"ಬಗ್ಗೋಗಿತ್ತು. ಸ್ಪೇರು ಇರ್ಲಿಲ್ಲ," ಎಂದರು. "ಗ್ಯಾಸಲ್ಲಿ ಕಾಯಿಸಿ ನೆಟ್ಟಗೆ ಮಾಡ್ದೆ. ಕಾಯಿಸಿದ ಕಬ್ಬಿಣಕ್ಕೆ ಬಲ ಕಮ್ಮಿ, ಕಂಡ್ರೆ ಇವಳು ಓಡ್ಸಲ್ಲ ಅಂತ ಬಣ್ಣ ಬಳಿದೆ. ಎರಡು ರೇಸ್ ತಡೀತದೆ ಅಂದ್ಕಂಡೆ."

ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವುದು ಆ ಗೇಣುದ್ದದ ಆರ್ಮು. ಪೆದ್ದಣ್ಣ ಯಾರನ್ನೂ ಕೇಳದೆ ಅದನ್ನು ಬಿಚ್ಚಿ ಮೇಜಿನ ವೈಸಿನ ದವಡೆಗೆ ಕಚ್ಚಿಸಿ ಸುತ್ತಿಗೆಯಲ್ಲಿ ಒಂದು ಪೆಟ್ಟು ಕೊಟ್ಟ. ಅದು ಎರಡು ತುಂಡಾಗಿ, ಒಂದು ತುಂಡು ನೆಲದ ಮೇಲೆ ಉರುಳಿತು. ನೇರ ದಾರಿಯಲ್ಲಿ ಮಿಡತೆ ನೂರ ಮೂವತ್ತು ಕಿಲೋಮೀಟರ್ ವೇಗದಲ್ಲಿರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಲಕ್ಷ್ಮೀಪತಿ ಮುಖ ಒರೆಸಿಕೊಳ್ಳುತ್ತಾ ಹೊರಗೆ ಹೋಗಿ ನಿಂತರು.

ಮಾನಸ ಆ ತುಂಡನ್ನು ಎತ್ತಿ ತಂದೆಯ ಕೈಗಿಟ್ಟಳು. "ಅಪ್ಪಾ, ನಂಗೆ ಹೇಳಿದ್ರೆ ನಾನೇ ಹೋಗಿ ಬೇರೆಯವರ ಹತ್ರ ಕೇಳಿ ತರ್ತಿದ್ದೆ."

"ಕೇಳಕ್ಕೆ ಬಾಯಿ ಬರ್ಲಿಲ್ಲ ಕಣಮ್ಮ."

"ಈಗ ಕೇಳೋದು ಬ್ಯಾಡ," ಎಂದ ಪೆದ್ದಣ್ಣ. ಸ್ಪೇರು ಪೆಟ್ಟಿಗೆ ಆಗಲೇ ಅವನ ಹೆಗಲ ಮೇಲಿತ್ತು. "ಜರುಗು ಗುರುವೇ, ಜಾಕ್ ಹಾಕ್ಬೇಕು."

ಬೇರೆ ತಂಡದ ಕಾರು ಮುಟ್ಟಿದವರನ್ನು ವಾರಾಂತ್ಯದಿಂದ ಹೊರಹಾಕುವುದು ಅಲ್ಲಿನ ನಿಯಮ. ಆದರೆ ದೂರು ಕಾರಿನವರೇ ಕೊಡಬೇಕು. ಮಾನಸ ಕೊಡಲಿಲ್ಲ. ಪ್ರಭುದೇವ್ ತಾನಾಗಿ ಮುಖ್ಯ ಅಧಿಕಾರಿಯ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಅವಳಿಲ್ಲದ ಓಟದ ಗೆಲುವು ತನಗೆ ಬೇಡವೆಂದ. ಅಧಿಕಾರಿ ಬೆಳಗಿನ ಗೆಲುವನ್ನು ತೆಗೆದುಹಾಕಿ, ಮಧ್ಯಾಹ್ನದ ರೇಸನ್ನು ಎಲ್ಲರ ಹಿಂದಿನಿಂದ ಶುರು ಮಾಡುವಂತೆ ಹೇಳಿದರು. ತೊಂದರೆ ಆಗಲೇ ಸರಿಪಡಿಸಿದ್ದರಿಂದ ಮಿಡತೆಯನ್ನು ಹೊರಗಿಡದೆ, ಹೊಸ ಆರ್ಮನ್ನು ಪರೀಕ್ಷಿಸಿ ಓಡಲು ಒಪ್ಪಿಗೆ ಕೊಟ್ಟರು.

ಮಧ್ಯಾಹ್ನ ಮಾನಸ ಎರಡನೆಯವಳಾಗಿ ಗುರಿ ಮುಟ್ಟಿದಳು. ಕೊನೆಯಿಂದ ಹೊರಟ ಪ್ರಭುದೇವ್ ಒಬ್ಬೊಬ್ಬರನ್ನೇ ದಾಟಿ ಬಂದು ಅವಳ ಹಿಂದೆಯೇ ಅಂಟಿಕೊಂಡಿದ್ದ. ದಾಟಲಾಗಲಿಲ್ಲ. ಅಧಿಕಾರಿ ಅವಳ ಲೈಸೆನ್ಸಿಗೆ ಸಹಿ ಹಾಕಿದರು.

ಸಹಿ ಒಣಗುವ ಮೊದಲೇ ಅವಳು ಪ್ರಭುದೇವನ ಕಾರಿನ ಬಳಿ ಓಡಿದಳು. "ಅಣ್ಣಾ, ನಿಮ್ಮಿಂದ ಇವತ್ತು ನಾನು ಇದೀನಿ. ಸಾಯೋತನಕ ಮರೆಯಲ್ಲ. ಆದ್ರೆ ಅದಕ್ಕೆ ಅಂತ ಟ್ರ್ಯಾಕಲ್ಲಿ ದಾರಿ ಬಿಡ್ತೀನಿ ಅಂದ್ಕೋಬೇಡಿ."

"ಬಿಟ್ರೆ ನಾನು ಮಾತಾಡ್ಸಲ್ಲಮ್ಮ," ಎಂದು ನಕ್ಕ ಪ್ರಭುದೇವ್.

"ಮೇಡಂ, ನಿಮಗೂ..." ಎಂದು ಗೌರೀಶ್ ಬಾಯಿ ತೆರೆದ.

"ಸಾಕು, ಅಲ್ಲಿ ನೋಡಿ," ಎಂದರು ವೇದಾವತಿ.

ರೇಣುಕಯ್ಯ ಜನರನ್ನು ಸೀಳಿಕೊಂಡು ಬರುತ್ತಿದ್ದರು. ನೂಕಿಬಿಡುತ್ತಾರೇನೋ ಎಂದು ಇಬ್ಬರು ಅಡ್ಡ ಬಂದರು. ಅವರು ಪ್ರಭುದೇವನ ಎದುರು ನಿಂತರು. ಅವನ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು.

ಪ್ರಭುದೇವ್ ಗಾಬರಿಯಾಗಿ ಸುತ್ತ ನೋಡಿದ. "ಏನ್ ಯಜಮಾನ್ರೇ ಇದು, ಬಿಡಿ. ಜನ ಎಲ್ಲ ನೋಡ್ತಾವ್ರೆ."

"ನೋಡ್ಲಿ ಬುಡಪ್ಪ," ಎಂದರು ರೇಣುಕಯ್ಯ. "ನಿನ್ನೆ ಎಲ್ಲಾರ್ ಮುಂದೆ ಬೈದಿದ್ನಲ್ಲ. ಇವತ್ತೂ ಎಲ್ಲಾರೂ ನೋಡ್ಲಿ."