ಖಾಲಿಯಾಗದ ಟ್ಯಾಂಕು

"ಆ ಕ್ಯಾನ್ ಕೆಳಗಿಡಿ."

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಹೆಸ್ಟರಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಗಂಡ ಮೈಲ್ಸ್ ತೀರಿಕೊಂಡು ಎಂಟು ತಿಂಗಳು. ಅಂದಿನಿಂದ ಅವಳೊಳಗೆ ಏನೂ ಅಲುಗಿರಲಿಲ್ಲ. ಇವತ್ತು ಚರ್ಚಿನಿಂದಲೂ ಅರ್ಧಕ್ಕೇ ಎದ್ದು ಬಂದಿದ್ದಳು.

ಮೈಲ್ಸ್‌ನ ೧೯೨೮ರ ಕಾರಿನ ಪಕ್ಕ ಪೆಟ್ರೋಲ್ ಕ್ಯಾನ್ ಹಿಡಿದು ನಿಂತಿದ್ದವನು ರೋಲ್ಯಾಂಡ್. ಊರಿನ ಮೆಕ್ಯಾನಿಕ್, ಮೈಲ್ಸ್‌ನ ಗೆಳೆಯ.

"ಹೆಸ್ಟರ್, ನಾನು ಹೇಳೋದನ್ನ..."

"ಪೆಟ್ರೋಲ್ ಬೇಕಿದ್ರೆ ಕೇಳಬಹುದಿತ್ತಲ್ಲ? ಸತ್ತವನ ಕಾರಿಂದ ಕದೀಬೇಕಾ? ಶೆಡ್ಡಿನ ಕೀ ಕೊಟ್ಟು ಹೋಗಿ."

ಅವನ ಮುಖ ಕೆಂಪಾಯಿತು. ಕೀ ಇಟ್ಟು ಹೊರಟುಹೋದ.

ಮೈಲ್ಸ್ ಹೋದಾಗಿನಿಂದ ವಾರಕ್ಕೆರಡು ಸಲ ಹೆಸ್ಟರ್ ಆ ಕಾರಲ್ಲಿ ನಾರ್ಥಂಬರ್ಲ್ಯಾಂಡಿನ ಬೋಳು ಗುಡ್ಡಗಳ ಮೇಲೆ ಗುರಿಯಿಲ್ಲದೆ ಸುತ್ತುತ್ತಿದ್ದಳು. ಕೀ ವಾಪಸ್ ಪಡೆದ ಮೂರನೇ ವಾರ, ಕುರಿಗಳ ಹೊರತು ಯಾರೂ ಇಲ್ಲದ ರಸ್ತೆಯಲ್ಲಿ, ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಆ ಕಾರಿಗೆ ಪೆಟ್ರೋಲ್ ತೋರಿಸುವ ಮುಳ್ಳಿಲ್ಲ. ಮರದ ಅಳತೆ ಕೋಲನ್ನು ಟ್ಯಾಂಕಿಗೆ ಇಳಿಸಿದಳು. ಒಣಗಿದ್ದ ಹಾಗೇ ಮೇಲೆ ಬಂತು.

ನಾನು ಕೊನೇ ಸಲ ಪೆಟ್ರೋಲ್ ಹಾಕಿಸಿದ್ದು ಯಾವಾಗ?

ಎಂಟು ತಿಂಗಳಲ್ಲಿ ಒಮ್ಮೆಯೂ ಇಲ್ಲ...

ಫೋನಿನಲ್ಲಿ ರೋಲ್ಯಾಂಡ್‌ನ ಹೆಸರನ್ನು ಬಹಳ ಹೊತ್ತು ನೋಡಿ, ಕೊನೆಗೆ ಒತ್ತಿದಳು.

ಅರ್ಧ ಗಂಟೆಯಲ್ಲಿ ರೋಲ್ಯಾಂಡ್ ತನ್ನ ವ್ಯಾನಿನಲ್ಲಿ ಬಂದ. ಟ್ಯಾಂಕಿಗೆ ಪೆಟ್ರೋಲ್ ಸುರಿದ.

"ನೀವು ಕದೀತಿರಲಿಲ್ಲ. ತುಂಬಿಸ್ತಿದ್ರಿ."

"ಪ್ರತಿ ಭಾನುವಾರ. ನೀವು ಚರ್ಚಿಗೆ ಹೋದಾಗ."

"ಯಾಕೆ?"

"ಟ್ಯಾಂಕ್ ಪೂರ್ತಿ ಖಾಲಿಯಾದ್ರೆ ತಳದ ಕಸ ಪೈಪಿಗೆ ಹೋಗುತ್ತೆ."

"ರೋಲ್ಯಾಂಡ್... ನಿಜ ಹೇಳಿ."

ಅವನು ಕ್ಯಾನಿನ ಮುಚ್ಚಳ ತಿರುಗಿಸುತ್ತಾ ನಿಂತ. "ವಾಪಸ್ ಬರೋ ಮನಸ್ಸೇ ಇಲ್ದೆ ಹೊರಡ್ತೀರಿ ಅನ್ನಿಸ್ತಿತ್ತು. ದಾರೀಲಿ ಮನಸ್ಸು ಬಂದ್ರೆ ಕಾರು ಓಡ್ಬೇಕಲ್ಲ. ನಂಗೆ ನೀವಂದ್ರೆ ಇಷ್ಟ, ಹೆಸ್ಟರ್. ಗೆಳೆಯ ಸತ್ತ ಮನೇಲಿ ಅದನ್ನ ಹೇಗೆ ಹೇಳ್ಲಿ?"

ಗಾಳಿ ಬೀಸುತ್ತಲೇ ಇತ್ತು. ತನ್ನ ಬೆರಳುಗಳು ಚಳಿಗೆ ನೋಯುತ್ತಿವೆ ಎಂದು ಅವಳಿಗೆ ಆಗ ತಿಳಿಯಿತು. ಎಷ್ಟು ಹೊತ್ತಿನಿಂದ ನೋಯುತ್ತಿದ್ದವೋ...

ಕೈ ಚಾಚಿದಳು. ಅವನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ನಂಗಿನ್ನೂ ಏನೂ ಅನ್ನಿಸ್ತಿಲ್ಲ. ನಿನ್ನ ಮೇಲೂ."

"ಗೊತ್ತು."

"ಆದ್ರೂ ಬರ್ತೀಯಾ? ನಾನು ಮನೇಲಿರೋವಾಗ... ಟೀ ಹೊತ್ತಿಗೆ?"

"ಬರ್ತೀನಿ. ಈಗ ನೀನು ಮುಂದೆ ಓಡಿಸು. ನಾನು ಹಿಂದೇನೇ ಇರ್ತೀನಿ."