ಮೂರನೇ ಕೌಂಟರಿನ ಭೂತಗನ್ನಡಿ

ಇನ್ನು ಮುಂದೆ ಅವನ ಫೈಲುಗಳೆಲ್ಲ ಐದನೇ ಕೌಂಟರಿಗೆ ಎಂದು ಕಸ್ಟಮ್ಸ್ ಕಚೇರಿಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಅವನು ಎರಡು ಸಲ ಓದಿದ. ಎರಡು ವರ್ಷದಿಂದ ಅವನ ಫೈಲುಗಳನ್ನು ನೋಡುತ್ತಿದ್ದವಳು ಮೂರನೇ ಕೌಂಟರಿನವಳು.

ಹಡಗಿನಲ್ಲಿ ಬರುವ ಮರದ ಚಕ್ಕೆಗಳಿಗೆ ಕಾಗದಪತ್ರ ಮಾಡಿಸುವುದು ಅವನ ಕೆಲಸ, ಏಜೆನ್ಸಿ ಅಕ್ಕನದು. ಪೈನ್ ಜಾತಿಯ ಚಕ್ಕೆಗೆ ಒಂದು ಕೋಡ್, ಅಗಲ ಎಲೆಯ ಮರಗಳ ಚಕ್ಕೆಗೆ ಇನ್ನೊಂದು. ಕಾಗದದಲ್ಲಿ ಬರೆದದ್ದೇ ಚೀಲದಲ್ಲಿದೆಯೇ ಎಂದು ನೋಡುವುದು ಮೂರನೇ ಕೌಂಟರಿನವಳ ಕೆಲಸ. ಬ್ಲೇಡಿನಿಂದ ಚಕ್ಕೆಯ ತುದಿ ಸವರಿ ಭೂತಗನ್ನಡಿ ಹಿಡಿಯುತ್ತಿದ್ದಳು. ಸಣ್ಣ ತೂತುಗಳು ಕಂಡರೆ ಅದು ಪೈನ್ ಅಲ್ಲ.

ಬೆರಳಿಗೆ ಮರದ ಪುಡಿ ಮೆತ್ತಿರುತ್ತಿದ್ದರಿಂದ ಹಣೆಗೆ ಜಾರಿದ ಕೂದಲನ್ನು ಮುಂಗೈಯಿಂದ ತಳ್ಳುತ್ತಿದ್ದಳು. ಅವನು ಗಡಿಯಾರ ನೋಡುವವನಂತೆ ಅವಳನ್ನೇ ನೋಡುತ್ತಿದ್ದ. ಗಡಿಯಾರ ಇದ್ದದ್ದು ಅವನ ಬೆನ್ನ ಹಿಂದೆ.

ಹೋದ ವಾರ ಅವನಿಂದ ಒಂದು ಎಡವಟ್ಟಾಗಿತ್ತು. ಪೈನ್ ಎಂದು ಬರೆದ ಚೀಲದ ಬಾಯಿ ಬಿಚ್ಚಿದಾಗ ಆ ಮರದ ಅಂಟಿನ ವಾಸನೆಯೇ ಬರಲಿಲ್ಲ. ಅವಳು ಬ್ಲೇಡ್ ಮುಟ್ಟದೆ ಭೂತಗನ್ನಡಿಯನ್ನು ಅವನ ಕಡೆ ಸರಿಸಿದಳು.

“ನೀವೇ ಒಮ್ಮೆ ನೋಡಿ. ನಾನು ನೀರು ಕುಡಿದು ಬರ್ತೀನಿ.”

ಅವಳು ತಪಾಸಣೆ ಶುರು ಮಾಡುವ ಮೊದಲು ಅವನೇ ಅರ್ಜಿ ಕೊಟ್ಟರೆ ಅದು ತಿದ್ದುಪಡಿ. ಆಮೇಲೆ ಅವಳು ಹಿಡಿದರೆ ಸುಳ್ಳು ಘೋಷಣೆ. ಅವನು ತೂತುಗಳನ್ನು ಕಂಡ, ಅರ್ಜಿ ಬರೆದ. ಅವಳು ಬಂದು ಏನೂ ಕೇಳದೆ ಸೀಲು ಹಾಕಿದಳು.

ಈಗ ಈ ಹಾಳೆ. ನಂಬಿಕೆ ಹೋಯಿತು, ಅದಕ್ಕೇ ದೂರ ತಳ್ಳಿದ್ದಾಳೆ ಎಂದು ಅವನು ಅಕ್ಕನ ಮುಂದೆ ತೋಡಿಕೊಂಡ. ದಿನಾ ಬೆಳಿಗ್ಗೆ ಅವಳ ಎದುರು ನಿಲ್ಲುತ್ತಿದ್ದ ಹತ್ತು ನಿಮಿಷವೂ ಇನ್ನಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಅಕ್ಕ ಲಕೋಟೆಗೆ ಅಂಟು ಹಚ್ಚುತ್ತಲೇ ಕೇಳಿಸಿಕೊಂಡಳು.

“ಅವಳು ನೀರು ಕುಡಿಯೋಕೆ ಎದ್ದು ಹೋದಾಗ ಬಾಟಲಿ ಮೇಜಿನ ಮೇಲೇ ಇತ್ತು ಅಂತ ನೀನೇ ಹೇಳಿದ್ದೆ. ಪೆದ್ದ, ಹೋಗಿ ಕೇಳು.”

ಊಟದ ಬಿಡುವಿನಲ್ಲಿ ಮೂರನೇ ಕೌಂಟರಿನ ಎದುರು ಜನರಿರಲಿಲ್ಲ. ಒಂದೇ ತಪ್ಪಿಗೆ ಇಷ್ಟು ಶಿಕ್ಷೆಯೇ ಎಂದು ಅವನು ಕೇಳಿದ. ಅವಳು ಡ್ರಾಯರ್ ಎಳೆದು ತಾನು ಮೇಲಧಿಕಾರಿಗೆ ಬರೆದ ಪತ್ರದ ಪ್ರತಿಯನ್ನು ಮುಂದಿಟ್ಟಳು. ಮೇಲಧಿಕಾರಿ ಒಳ್ಳೆಯವರು, ಸಹಿ ಹಾಕಿ, ಗೋಡೆಯ ಹಾಳೆಯಲ್ಲಿ ಕಾರಣದ ಸಾಲನ್ನು ಬಿಟ್ಟಿದ್ದರು. ಪ್ರತಿಯಲ್ಲಿ ಅದು ಇತ್ತು.

‘ಈ ಏಜೆಂಟರ ಫೈಲನ್ನು ನಾನು ಪಕ್ಷಪಾತವಿಲ್ಲದೆ ನೋಡಲಾರೆ. ಹೋದ ವಾರ ನನಗೇ ಇದು ತಿಳಿಯಿತು. ಸಂಬಂಧಿಕರ ಫೈಲು ನೋಡಬಾರದೆಂಬ ನಿಯಮ ಇವರಿಗೂ ಅನ್ವಯಿಸಲಿ.’

ಅವನು ಕೊನೆಯ ಸಾಲನ್ನು ಇನ್ನೊಂದು ಸಲ ಓದಿದ.

“ನಾವು ಸಂಬಂಧಿಕರಲ್ಲವಲ್ಲ, ಮೇಡಂ.”

ಅವಳು ಭೂತಗನ್ನಡಿಯನ್ನು ಒರೆಸುತ್ತಿದ್ದಳು. ಅದು ಆಗಲೇ ಸ್ವಚ್ಛವಾಗಿತ್ತು.

“ಅದಕ್ಕೂ ಒಂದು ತಿದ್ದುಪಡಿ ಅರ್ಜಿ ಬರೆಯೋಕೆ ನಿಮಗೆ ಬರುತ್ತಲ್ಲ.”

ಅವನು ಕೌಂಟರಿನ ಮೇಲಿದ್ದ ಖಾಲಿ ಹಾಳೆಯನ್ನು ಎಳೆದುಕೊಂಡು ಜೇಬು ತಡಕಾಡಿದ. ಪೆನ್ನು ಅವಳೇ ಕೊಟ್ಟಳು.