ಸ್ವರ ಕೇಳದೆ ಲಾಗಿನ್ ಇಲ್ಲ

"ಟೋಕನ್ ನಂಬರ್ ಹಾಕಿದೆನಲ್ಲ ಮಾರಾಯ್ರೆ, ಮತ್ತೆ ಫೋನ್ ಯಾಕೆ?" ಪುಂಜಾಲಕಟ್ಟೆಯ ಪರೀಕ್ಷಾ ಕೇಂದ್ರದಿಂದ ಶೋಧನ್ ದಿನವೂ ಗೊಣಗುತ್ತಿದ್ದ.

"ನಂಬರ್ ಯಾರು ಬೇಕಾದ್ರೂ ಒತ್ತಬಹುದು. ನಿಮ್ಮ ಸ್ವರ ಕೇಳದೆ ನಾನು ಒಳಗೆ ಬಿಡುವುದಿಲ್ಲ," ಎನ್ನುತ್ತಿದ್ದಳು ವಾಗ್ದೇವಿ.

ಮಿಜಾರಿನ ಕಾಲೇಜಿನ ಸರ್ವರ್ ಅವಳ ಸುಪರ್ದಿಯಲ್ಲಿತ್ತು, ಪ್ರಶ್ನೆಪತ್ರಿಕೆಗಳೆಲ್ಲ ಅದರೊಳಗೆ. ಶೋಧನ್‌ನ ಜೇಬಿನ ಟೋಕನ್ ಎಂಬ ಪುಟ್ಟ ಯಂತ್ರ ತೋರಿಸುವ ಆರು ಅಂಕೆಯ ಜೊತೆ ಅವಳ ಒಪ್ಪಿಗೆಯೂ ಸಿಕ್ಕಿದರಷ್ಟೇ ಲಾಗಿನ್. ಫೋನಿನ ನಿಯಮ ಅವಳೇ ಮಾಡಿದ್ದು. ಅರ್ಧ ಸುರಕ್ಷತೆಗೆ, ಇನ್ನರ್ಧ ಆ ಸ್ವರದ ಆಸೆಗೆ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ, ಪಾಪ.

ಸೋಮವಾರ ಮಧ್ಯಾಹ್ನ ವಿಡಿಯೋ ಕರೆ ಬಂತು.

ಶೋಧನ್‌ನ ಹುಬ್ಬು ಸೀಳಿತ್ತು. ರಕ್ತ ಇಳಿದು ಒಂದು ಕಣ್ಣು ಮುಚ್ಚಿಹೋಗಿತ್ತು. ಯಾವನೋ ಹಿಂದಿನಿಂದ ಅವನ ಕೂದಲು ಹಿಡಿದೆಳೆದಿದ್ದ.

"ನಾಳೆಯ ಪೇಪರ್ ಬೇಕು. ಟೋಕನ್ ನಮ್ಮಲ್ಲುಂಟು. ನಿಮಗೆ ಇವನ ಸ್ವರ ಬೇಕಂತಲ್ಲ, ಕೇಳಿ," ಎಂದ ಇನ್ನೊಬ್ಬ.

ಕಬ್ಬಿಣದ ಸರಳು ಬೆರಳುಗಳ ಮೇಲೆ ಬಿತ್ತು. ಶೋಧನ್ ಅರಚಿದ.

"ಕೊಡ್ಬೇಡಿ," ಎಂದ, ಉಸಿರು ಸಿಕ್ಕಿದೊಡನೆ. "ಓದಿದ ಮಕ್ಕಳಿಗೆ ಮೋಸ..."

ಬೂಟುಗಾಲು ಹೊಟ್ಟೆಗೆ ಬಿತ್ತು. ಅವನು ಮೇಜಿನ ಮೇಲೆ ರಕ್ತ ಕಾರಿದ. ಸರಳು ಈ ಸಲ ತಲೆಯ ಮೇಲೆ ಎದ್ದಿತು. ವಾಗ್ದೇವಿ ಒಪ್ಪಿಗೆ ಕೊಟ್ಟುಬಿಟ್ಟಳು.

ಪೇಪರ್ ಸಿಕ್ಕಿದ ಮೇಲೂ ದುಷ್ಟರು ಇನ್ನೊಂದೇಟು ಹಾಕಿಯೇ ಹೋದರು. ಅವಳು ಪೊಲೀಸರಿಗೆ ಫೋನ್ ಮಾಡಿದಳು, ಪ್ರಿನ್ಸಿಪಾಲರಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು.

ಸಂಜೆ ಬಂಟ್ವಾಳದ ಆಸ್ಪತ್ರೆಯಲ್ಲಿ ಶೋಧನ್ ಅವಳ ಮುಖ ನೋಡಲಿಲ್ಲ. ಬಲಗೈಯ ಮೂರು ಬೆರಳು ಮುರಿದಿದ್ದವು.

"ಯಾಕೆ ಕೊಟ್ರಿ? ನಾನು ಅಷ್ಟು ಪೆಟ್ಟು ತಿಂದದ್ದು ಯಾತಕ್ಕೆ?"

"ಪರೀಕ್ಷೆ ಮುಂದೆ ಹಾಕಿದ್ದಾರೆ. ಬೇರೆ ಪೇಪರ್ ಮಾಡ್ತಾರೆ. ನನ್ನ ಕೆಲಸ ಹೋದ್ರೂ ಹೋಯ್ತು." ಅವಳು ಅವನ ಬಲಗೈಯ ಬ್ಯಾಂಡೇಜ್ ನೋಡಿದಳು. "ಟೋಕನ್ ಒಂದೇ ಸಾಕಾಗಿದ್ರೆ ಕಿತ್ತುಕೊಂಡು ಹೋಗ್ತಿದ್ರು. ನನ್ನ ನಿಯಮದಿಂದ ನಿಮಗೆ ಹೊಡೆದ್ರು. ಅದೂ ನಾನು ನಿಮ್ಮ ಸ್ವರ ಕೇಳ್ಬೇಕೂಂತ ಮಾಡಿದ ನಿಯಮ."

ಅವನು ಮೆಲ್ಲನೆ ತಿರುಗಿದ. "ಹೋಟೆಲಿನಲ್ಲಿ ಎಲ್ಲರೆದುರು ಆ ಫೋನಿನ ಕತೆ ಹೇಳಿದ್ದು ನಾನೇ. ಗೊಣಗಿದ್ದಲ್ಲ, ಜಂಭ ಕೊಚ್ಚಿದ್ದು. ನಿಮ್ಮ ಫೋನ್ ದಿನಾ ಬರ್ತದೆ ಅಂತ."

ವಾಗ್ದೇವಿ ಅಳುತ್ತಲೇ ನಕ್ಕಳು. "ನನಗೆ ನೀವು ಬೇಕು ಶೋಧನ್. ಪೇಪರ್ ಬೇರೆ ಸಿಗ್ತದೆ."

ಊದಿದ ತುಟಿ ನಗಲು ಬಿಡಲಿಲ್ಲ. ಅವನು ಎಡಗೈ ಚಾಚಿದ. ನರ್ಸ್ ಬಂದು ಗದರುವವರೆಗೂ ಅವಳು ಅದನ್ನು ಬಿಡಲಿಲ್ಲ.